ಆಕಾಶನೌಕೆಯ ಕಣಮಾಪನಗಳನ್ನು ಗಣಕಯಂತ್ರಕ್ಕೆ ತರಿಸಿಕೊಳ್ಳುವ ಬಗೆ

ಭೂಮಿಯನ್ನು ಸುತ್ತುವರಿದಿರುವ ಕಾಂತಕ್ಷೇತ್ರದ ಆವರಣಕ್ಕೆ ಕಾಂತಗೋಳವೆಂದು ಹೆಸರು. ಸೂರ್ಯನಿಂದ ಸದಾ ಹೊರಹೊಮ್ಮುವ ಎಲೆಕ್ಟ್ರಾನು, ಅಯಾನುಗಳ ಪ್ರವಾಹವು ಈ ಆವರಣದ ಅಂಚನ್ನು ತಾಗುವೆಡೆಯಲ್ಲಿ ಸೂರ್ಯನ ಕಾಂತರೇಖೆಗಳೂ ಭೂಮಿಯ ಕಾಂತರೇಖೆಗಳೂ ಕಡಿದು, ಬೇರೊಂದು ಬಗೆಯಲ್ಲಿ ಕೂಡಿಕೊಳ್ಳುವುದುಂಟು. ಈ ಮರುಜೋಡಣೆಯ ಅಧ್ಯಯನಕ್ಕೆಂದೇ ಅಮೆರಿಕದ ನಾಸಾ ಸಂಸ್ಥೆಯು 2015ರ ಮಾರ್ಚ್ ತಿಂಗಳಿನಲ್ಲಿ ಎಂ.ಎಂ.ಎಸ್. ಎಂಬ ನಾಲ್ಕು ನೌಕೆಗಳನ್ನು ಒಟ್ಟಿಗೆ ಹಾರಿಸಿತು.

ಪ್ರತಿಯೊಂದು ನೌಕೆಯಲ್ಲೂ ಎಫ್.ಪಿ.ಐ. ಎಂಬ ಕಣಮಾಪಕವಿದೆ. ನೌಕೆಯು ತನ್ನ ಸುತ್ತ ಒಮ್ಮೆ ತಿರುಗಲು ಸುಮಾರು 20 ಸೆಕೆಂಡು ಬೇಕು. ಎಲ್ಲ ದಿಕ್ಕುಗಳನ್ನೂ ನೋಡಲು ಆ ತಿರುಗಾಟವನ್ನೇ ಕಾದು ಕುಳಿತರೆ ಕ್ಷಣಮಾತ್ರದ ಘಟನೆಗಳು ಕೈತಪ್ಪುತ್ತವೆ. ಆದುದರಿಂದ ಎಲೆಕ್ಟ್ರಾನುಗಳಿಗಾಗಿ ನೌಕೆಯ ಸುತ್ತಲೂ ಎಂಟು ಕಣ್ಣುಗಳನ್ನಿರಿಸಿ, ಒಂದೊಂದು ಕಣ್ಣಿನ ನೋಟವನ್ನೂ ವಿದ್ಯುತ್ ಬಲದಿಂದ ನಾಲ್ಕು ದಿಕ್ಕುಗಳಿಗೆ ಬಾಗಿಸುತ್ತಾರೆ. ಹೀಗೆ ಸುತ್ತಲಿನ 32 ದಿಕ್ಕುಗಳು, ಮೇಲಿನಿಂದ ಕೆಳಕ್ಕೆ 16 ಕೋನಗಳು, 32 ಶಕ್ತಿಮಟ್ಟಗಳು ಸೇರಿ ಒಂದು ಅಳತೆಗೆ 16,384 ಸಂಖ್ಯೆಗಳಾಗುತ್ತವೆ. ಎಲೆಕ್ಟ್ರಾನುಗಳ ಇಂಥ ಒಂದು ಅಳತೆ ಸೆಕೆಂಡಿನ ಸಾವಿರದ 30 ಪಾಲಿನಲ್ಲಿಯೂ, ಅಯಾನುಗಳದು ಸಾವಿರದ 150 ಪಾಲಿನಲ್ಲಿಯೂ ಮುಗಿಯುತ್ತದೆ. ಇಷ್ಟನ್ನೂ ಭೂಮಿಗೆ ಕಳುಹಿಸುವುದು ಅಸಾಧ್ಯ. ಆಯ್ದ ಅಲ್ಪಭಾಗ ಮಾತ್ರ ಪೂರ್ಣವೇಗದಲ್ಲಿ ಬರುತ್ತದೆ, ಇದು ‘ಬರ್ಸ್ಟ್’. ಇನ್ನೊಂದು, 4.5 ಸೆಕೆಂಡಿಗೊಂದರಂತೆ ಬರುವ ‘ಫಾಸ್ಟ್’. ಹೆಸರಿನಲ್ಲಿ ವೇಗವಿದ್ದರೂ ಇವೆರಡರಲ್ಲಿ ನಿಧಾನವಾದುದು ಇದೇ!

ಈ ಅಳತೆಗಳ ಭಂಡಾರವು ಕೊಲೊರಾಡೊ ರಾಜ್ಯದ ಬೋಲ್ಡರ್ ನಗರದಲ್ಲಿದೆ. ಯಾರು ಬೇಕಾದರೂ ಪಡೆಯಬಹುದು. ಪೈಥಾನ್ ಭಾಷೆಯ ಪೈಸ್ಪೆಡಾಸ್ ಎಂಬ ಸಂಗ್ರಹದಲ್ಲಿ ಇದಕ್ಕಾಗಿಯೇ ಒಂದು ಫಂಕ್ಷನ್ ಇದೆ. ಅದನ್ನು ಮಠದ ಉಗ್ರಾಣಕ್ಕೆ ಕಳುಹಿಸುವ ಚೀಟಿಗೆ ಹೋಲಿಸಬಹುದು. ಕಾಲಾವಧಿ, ನೌಕೆಯ ಸಂಖ್ಯೆ, ಅಳತೆಯ ವೇಗ, ಬೇಕಾದ ಬಗೆ ಇಷ್ಟನ್ನು ಚೀಟಿಯಲ್ಲಿ ಕಾಣಿಸಿದರೆ ಫಂಕ್ಷನ್ ತಕ್ಕ ಸಿ.ಡಿ.ಎಫ್. ಕಡತಗಳನ್ನು ತರಿಸಿ, ಬಿಚ್ಚಿ, ಸಾಂದ್ರತೆ, ವೇಗ, ಉಷ್ಣತೆಗಳನ್ನು ಹೆಸರು ಸಹಿತ ಗಣಕದ ಸ್ಮೃತಿಯಲ್ಲಿ ಇಡುತ್ತದೆ. ಆದರೆ ‘ಬೇಳೆ ಬೇಕು’ ಎಂದಷ್ಟೇ ಬರೆದವನಿಗೆ ಉಗ್ರಾಣದವನು ವಾಡಿಕೆಯಂತೆ ತೊಗರಿಬೇಳೆಯನ್ನೇ ಅಳೆದು ಕೊಡುವಂತೆ, ವೇಗವನ್ನು ಹೇಳದವನಿಗೆ ಫಂಕ್ಷನ್ ‘ಫಾಸ್ಟ್’ ಅಳತೆಗಳನ್ನೇ ಕೊಡುತ್ತದೆ. ದೋಷವಾಯಿತೆಂಬ ಸೂಚನೆ ಎಲ್ಲಿಯೂ ಬರುವುದಿಲ್ಲ.

ಇದರ ಪರಿಣಾಮ ಸಣ್ಣದಲ್ಲ. 2015ರ ಅಕ್ಟೋಬರ್ 16ರಂದು, ವಿಶ್ವಕಾಲ 13 ಗಂಟೆ 7 ನಿಮಿಷದ ಹೊತ್ತಿಗೆ, ಈ ನೌಕೆಗಳು ಮರುಜೋಡಣೆಯ ಒಡಲನ್ನೇ ಹಾದುಹೋದವು. ಅಲ್ಲಿ ಎಲೆಕ್ಟ್ರಾನುಗಳ ವೇಗಗಳ ಹಂಚಿಕೆಯು ಬಿದಿಗೆಯ ಚಂದ್ರನಂತೆ ಬಾಗಿದ್ದುದನ್ನು ಜೇಮ್ಸ್ ಬರ್ಚ್ ಮತ್ತು ಸಹೋದ್ಯೋಗಿಗಳು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಒಂದು ನಿಮಿಷಕ್ಕೆ ‘ಬರ್ಸ್ಟ್’ನಲ್ಲಿ ಎಲೆಕ್ಟ್ರಾನುಗಳ 2,000 ಅಳತೆಗಳು ದೊರೆತರೆ ‘ಫಾಸ್ಟ್’ನಲ್ಲಿ ದೊರೆಯುವುದು ಹದಿಮೂರೋ ಹದಿನಾಲ್ಕೋ. ಕ್ಷಣಾರ್ಧದಲ್ಲಿ ಮುಗಿದುಹೋದ ಆ ರೂಪವು 4.5 ಸೆಕೆಂಡಿನ ಮೊತ್ತದಲ್ಲಿ ಕರಗಿಹೋಗುತ್ತದೆ. ಚೀಟಿಯನ್ನು ಅರೆಬರೆಯಾಗಿ ಬರೆದ ವಿದ್ಯಾರ್ಥಿಯು ಅಲ್ಲಿ ವಿಶೇಷವೇನೂ ನಡೆಯಲಿಲ್ಲವೆಂದು ತೀರ್ಮಾನಿಸಿಬಿಡಬಹುದು.

ಕಾಲದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕಣಮಾಪಕದ ಪ್ರತಿ ಅಳತೆಗೂ ಅದು ಆರಂಭವಾದ ಗಳಿಗೆಯನ್ನೇ ನಮೂದಿಸಿರುತ್ತಾರೆ. ‘ಫಾಸ್ಟ್’ ಅಳತೆಯ ನಡುಗಾಲವು ಅದಕ್ಕಿಂತ 2.25 ಸೆಕೆಂಡು ಮುಂದಿದೆ. ಕಾಂತಕ್ಷೇತ್ರದ ಅಳತೆಯ ಪಕ್ಕದಲ್ಲಿ ಇದನ್ನು ಹಾಗೆಯೇ ಇಟ್ಟರೆ ಯಾವುದು ಮೊದಲು, ಯಾವುದು ಅನಂತರ ಎಂಬುದೇ ತಲೆಕೆಳಗಾದೀತು. ಗಳಿಗೆಯನ್ನು ನಡುವಿಗೆ ಸರಿಸುವ ಸೌಲಭ್ಯವು ಅದೇ ಫಂಕ್ಷನ್ನಿನಲ್ಲಿದೆ. ಕೇಳಿದವರಿಗೆ ಮಾತ್ರ ಅದು ದೊರೆಯುತ್ತದೆ.

ಬಂದ ಪ್ರತಿಯೊಂದು ರಾಶಿಯ ಹೆಸರಿನಲ್ಲಿಯೇ ನೌಕೆ, ಮಾಪಕ, ವೇಗಗಳು ಅಡಕವಾಗಿರುತ್ತವೆ. ರೇಖಾಚಿತ್ರ ಬರೆಯುವ ಮೊದಲು ಆ ಹೆಸರನ್ನು ಓದಬೇಕು. ಜೊತೆಗೆ ದೋಷಸೂಚಕವೆಂಬ ಇನ್ನೊಂದು ಸಾಲೂ ಬಂದಿರುತ್ತದೆ. ಯಾವ ಗಳಿಗೆಯ ಅಳತೆಯನ್ನು ಶಂಕಿಸಬೇಕೆಂಬುದನ್ನು ಮಾಪಕವನ್ನು ಬಲ್ಲವರೇ ಅದರಲ್ಲಿ ಗುರುತುಮಾಡಿದ್ದಾರೆ.