ಹಳೆಯ ಕಾರಿನ ಹೀಟರ್ ಕೋರ್: ತಾಮ್ರವೋ, ಅಲ್ಯೂಮಿನಿಯಮ್ಮೋ?

ಗೋಪನಕೊಪ್ಪದ ಬಿಸಿಲಿಗೆ ಹೀಟರ್ ಯಾಕೆ ಬೇಕೆಂದು, ಸೋರುವ ಕೋರನ್ನು ಬೈಪಾಸ್ ಮಾಡಿಸಿ ಸುಮ್ಮನಾಗಬೇಡಿ. ಮಳೆಗಾಲದಲ್ಲಿ ಅಂಕೋಲಾಕ್ಕೆ ಹೊರಟು ಅರಬೈಲು ಘಟ್ಟ ಇಳಿಯುವಾಗ ಮುಂಗಾಜಿನ ಮಬ್ಬು ಬಿಡಿಸಲು ಅದು ಬೇಕೇ ಬೇಕು. ಕಾಲಡಿಯ ಮ್ಯಾಟ್ ಒದ್ದೆಯಾಗಿ, ಒಳಗೆ ಸಿಹಿ ವಾಸನೆ ಬಂದರೆ ಮೊದಲು ಕೋರನ್ನೇ ನೋಡಿಸಿ.

ಅಲ್ಯೂಮಿನಿಯಂ ಹಗುರ, ಅಗ್ಗ. ಶಾಖ ಸಾಗಿಸುವುದರಲ್ಲಿ ಮಾತ್ರ ಅದು ತಾಮ್ರದ ಸುಮಾರು ಶೇಕಡಾ 60ರಷ್ಟು. ಆ ಕೊರತೆಯನ್ನು ಅಗಲ ಕೊಳವೆಗಳ ವಿನ್ಯಾಸ ಬಹುಮಟ್ಟಿಗೆ ತುಂಬುತ್ತದೆ. ಆದರೆ ಅದಕ್ಕೆ ಜೋಡಿಸಿದ ಪ್ಲಾಸ್ಟಿಕ್ ಟ್ಯಾಂಕ್ ಬಿರಿದರೆ ರಿಪೇರಿ ಕಷ್ಟ. ತಾಮ್ರ-ಹಿತ್ತಾಳೆಯ ಕೋರನ್ನು ನುರಿತ ರೇಡಿಯೇಟರ್ ಕೆಲಸಗಾರ ಬೆಸುಗೆ ಹಾಕಿ ಉಳಿಸಬಲ್ಲ. ಮೂಲ ಕೋರ್ ತಾಮ್ರದ್ದಾಗಿದ್ದರೆ ಹೆಚ್ಚು ಹಣವಾದರೂ ತಾಮ್ರದ್ದನ್ನೇ ಹಾಕಿಸಿ ಎಂಬುದು ನನ್ನ ಸಲಹೆ. ಡ್ಯಾಶ್‌ಬೋರ್ಡ್ ಬಿಚ್ಚುವ ಕೂಲಿಯೇ ದೊಡ್ಡದು, ಅದನ್ನು ಎರಡು ಸಲ ಕೊಡುವಂತಾಗಬಾರದು.

ಯಾವ ಕೋರ್ ಹಾಕಿಸಿದರೂ ರೇಡಿಯೇಟರ್‌ಗೆ ಬೋರ್‌ವೆಲ್ ನೀರನ್ನಂತೂ ಸುರಿಯಲೇಬೇಡಿ. ಅದರ ಗಡಸು ಸುಣ್ಣ ಸಣ್ಣ ಕೊಳವೆಗಳನ್ನು ಕಟ್ಟಿಬಿಡುತ್ತದೆ. ಡಿಸ್ಟಿಲ್ಡ್ ನೀರು, ಕೂಲಂಟ್ ಸಮಸಮ ಇರಲಿ. ನಿಮ್ಮ ಲೋಹಕ್ಕೆ ಹೊಂದುವುದೇ ಎಂದು ಡಬ್ಬಿಯ ಮೇಲೆ ಓದಿ. ಹೊಸ ಕೋರ್ ಕೂರಿಸುವ ಮೊದಲು ಗಾಳಿ ತುಂಬಿ ನೀರಲ್ಲಿ ಮುಳುಗಿಸಿ, ಗುಳ್ಳೆ ಬರುವುದೇ ಎಂದು ಎದುರಿಗೇ ತೋರಿಸಲು ಹೇಳಿ.