ಮಂದೆ ಕಾಯುವ ನಾಯಿಗೆ ಎಂಥ ಜೋಡಿ?

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆಯ ಕುರಿಗಾರ ಮನೆತನ. ಮಂದೆ ಕಾಯುವ ನಮ್ಮ ಹೆಣ್ಣು ನಾಯಿ ಬೆದೆಗೆ ಬರುವ ಹೊತ್ತಾಗಿದೆ. ಮುಧೋಳ ಗಂಡಿನ ಜತೆ ಕೂಡಿಸಿದರೆ ಮರಿಗಳಿಗೆ ಒಳ್ಳೆಯ ರೇಟು ಸಿಗುತ್ತದೆ ಎನ್ನುತ್ತಾನೆ ತಮ್ಮ. ಪಕ್ಕದ ಹಟ್ಟಿಯ ನಾಯಿಯೇ ಸಾಕು, ತೋಳಕ್ಕೆ ಹೆದರದ ನಾಯಿ ಅದು ಎನ್ನುತ್ತಾರೆ ಅಪ್ಪ. ಅದಕ್ಕೆ ಯಾವ ತಳಿಯ ಹೆಸರೂ ಇಲ್ಲ. ಇದೇ ವಿಷಯಕ್ಕೆ ಮನೆಯಲ್ಲಿ ದಿನವೂ ಮಾತಿಗೆ ಮಾತು ಬೆಳೆಯುತ್ತಿದೆ. ಯಾರ ಮಾತು ಕೇಳಲಿ?

ಉತ್ತರ: ಹುಟ್ಟುವ ಮರಿಗಳು ಮಂದೆಯ ಜತೆ ದುಡಿಯಬೇಕು ಎಂದಾದರೆ ಅಪ್ಪನ ಮಾತು ಕೇಳಿ. ಮುಧೋಳ ನಮ್ಮ ನಾಡಿನ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಲೆಮಾರುಗಳಿಂದ ಅದನ್ನು ಆರಿಸಿ ಬೆಳೆಸಿದ್ದು ಬೇಟೆಗಾಗಿ, ದೂರದ ಮೊಲವನ್ನು ಕಂಡೊಡನೆ ಬೆನ್ನಟ್ಟಲಿ ಎಂದು. ಮಂದೆಯ ನಾಯಿಗೆ ಬೇಕಾದ್ದು ಬೇರೆ: ಬೆದರಿ ಓಡುವ ಕುರಿಯ ಹಿಂದೆ ಬೀಳದ ಸಮಾಧಾನ, ರಾತ್ರಿ ಹಟ್ಟಿ ಬಿಟ್ಟು ಕದಲದ ನಿಷ್ಠೆ, ತೋಳಕ್ಕೆ ಎದುರು ನಿಲ್ಲುವ ಎದೆಗಾರಿಕೆ. ಎರಡನ್ನೂ ಬೆರೆಸಿದರೆ ಯಾವ ಮರಿಗೆ ಯಾವ ಗುಣ ಬರುತ್ತದೆಂದು ಯಾರೂ ಹೇಳಲಾರರು.

ಹೆಸರಿಗಿಂತ ಕೆಲಸ ನೋಡಿ ಜೋಡಿ ಆರಿಸುವುದಕ್ಕೆ ಒಂದು ಉದಾಹರಣೆ: ಇಂದು ಜಗತ್ತೇ ಬಲ್ಲ ಬಾರ್ಡರ್ ಕೋಲಿ ತಳಿ ರೂಪುಗೊಂಡದ್ದು ಬ್ರಿಟನ್ನಿನ ಕುರಿಗಾರರ ಕೈಯಲ್ಲಿ. 1893ರಲ್ಲಿ ನಾರ್ಥಂಬರ್‌ಲ್ಯಾಂಡ್‌ನಲ್ಲಿ ಹುಟ್ಟಿದ ‘ಓಲ್ಡ್ ಹೆಂಪ್’ ಎಂಬ ಗಂಡು ನಾಯಿ ಗದ್ದಲವಿಲ್ಲದೆ ಕುರಿ ತಿರುಗಿಸುತ್ತಿತ್ತು. ಆ ಗುಣಕ್ಕಾಗಿಯೇ ಅದರ ಮರಿಗಳಿಗೆ ಬೇಡಿಕೆ ಇತ್ತು. ಈ ತಳಿಯ ಬಹುತೇಕ ನಾಯಿಗಳ ವಂಶ ಅದಕ್ಕೇ ಹೋಗಿ ಮುಟ್ಟುತ್ತದೆ. 1906ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿಯಲ್ಲಿ, ವಂಶಾವಳಿ ದಾಖಲಾಗದ ನಾಯಿಯೂ ಕೆಲಸದಲ್ಲಿ ತನ್ನ ಯೋಗ್ಯತೆ ತೋರಿಸಿ ಹೆಸರು ಬರೆಸಿಕೊಳ್ಳಲು ಅವಕಾಶವಿದೆ. ನಾಯಿ ಪ್ರದರ್ಶನ ನಡೆಸುವ ಅಮೆರಿಕನ್ ಕೆನಲ್ ಕ್ಲಬ್ 1995ರಲ್ಲಿ ಈ ತಳಿಗೆ ಮಾನ್ಯತೆ ಕೊಟ್ಟದ್ದು ಕೆಲಸದ ನಾಯಿ ಸಾಕುವವರ ವಿರೋಧದ ನಡುವೆ. ರೂಪ ನೋಡಿ ಜೋಡಿ ಮಾಡತೊಡಗಿದರೆ ದುಡಿಮೆಯ ಗುಣ ಕೈಬಿಟ್ಟುಹೋಗುತ್ತದೆ ಎಂಬ ಭಯ ಅವರದು. ಬಾರ್ಡರ್ ಕೋಲಿ ಕುರಿ ತಿರುಗಿಸುವ ನಾಯಿ, ನಿಮ್ಮದು ಕುರಿ ಕಾಯುವ ನಾಯಿ. ಕೆಲಸ ಬೇರೆಯಾದರೂ ಆರಿಸುವ ಕ್ರಮ ಒಂದೇ.

ಹಾಗೆಂದು ಪಕ್ಕದ ಹಟ್ಟಿಯ ಗಂಡನ್ನೂ ಕಣ್ಣುಮುಚ್ಚಿ ಒಪ್ಪಬೇಡಿ. ಎರಡು ವರ್ಷ ತುಂಬಿದೆಯೇ, ಈದ ಕುರಿಯ ಹತ್ತಿರ ಹೇಗಿರುತ್ತದೆ, ಅದರ ಹಿಂದಿನ ಮರಿಗಳು ಹೇಗೆ ದುಡಿಯುತ್ತಿವೆ ನೋಡಿ. ನಿಮ್ಮ ನಾಯಿಗೆ ಅದು ಅಪ್ಪನೋ ಒಡಹುಟ್ಟಿದ್ದೋ ಆಗಿದ್ದರೆ ಬೇಡವೇ ಬೇಡ. ಕೂಡಿಸುವ ಮೊದಲೇ ಎರಡಕ್ಕೂ ರೇಬಿಸ್ ಲಸಿಕೆ, ಜಂತುಹುಳದ ಔಷಧ ಆಗಿರಲಿ. ಮರಿಗಳು ಎಳೆತನದಿಂದಲೇ ಕುರಿಗಳ ನಡುವೆ ಬೆಳೆಯಲಿ. ಆ ಒಡನಾಟ ಸಿಗದಿದ್ದರೆ ಎಷ್ಟೇ ಒಳ್ಳೆಯ ವಂಶದ ಮರಿಯೂ ಮಂದೆಗೆ ಒಗ್ಗುವುದು ಕಷ್ಟ.

ತಮ್ಮನ ಸಂಪಾದನೆಯ ಆಸೆ ತಪ್ಪಲ್ಲ. ಮುಧೋಳ ಮರಿ ಮಾರಬೇಕೆಂದರೆ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ, ಶುದ್ಧ ಜೋಡಿಯನ್ನೇ ತಂದು ಬೇರೆಯಾಗಿ ಸಾಕಲಿ. ಬೆರಕೆ ಮರಿಯನ್ನು ಮುಧೋಳ ಎಂದು ಮಾರುವುದು ಮಾತ್ರ ಕೂಡದು. ಕೊಂಡವರಿಗೂ ಮೋಸ, ತಳಿಗೂ ಕೇಡು. ಗಂಡು ನಾಯಿ ನೋಡಲು ಅಪ್ಪ ಹೋಗುವಾಗ ಅವನನ್ನೂ ಜತೆಗೆ ಕಳಿಸಿ. ನಾಯಿಯ ಗುಣ ಅಳೆಯುವ ಆ ಅನುಭವ ಅವನಿಗೂ ದಕ್ಕಬೇಕು. ನಾಳೆ ಮಂದೆ ನಡೆಸಬೇಕಾದವರು ನೀವಿಬ್ಬರೇ ಅಲ್ಲವೇ?