ಪಟ್ಟಣದ ಪ್ರಶ್ನೆಗೆ ಪೌರರ ಮತ: ವರ್ತಕರು ಅರಿಯಬೇಕಾದ ವಿಚಾರ

ಚುನಾವಣೆಯಲ್ಲಿ ನಾವು ವ್ಯಕ್ತಿಗೆ ಮತ ನೀಡುತ್ತೇವೆ. ಒಂದು ತೆರಿಗೆ ಬೇಕೇ ಬೇಡವೇ, ಒಂದು ಅಂಗಡಿ ಇರಬೇಕೇ ಮುಚ್ಚಬೇಕೇ ಎಂಬ ಪ್ರಶ್ನೆಗೇ ಮತ ನೀಡುವ ಪದ್ಧತಿಯೂ ಪ್ರಪಂಚದಲ್ಲಿದೆ. ನಿಗದಿತ ಸಂಖ್ಯೆಯ ಮತದಾರರು ಸಹಿ ಮಾಡಿ ಕೇಳಿದ ಪ್ರಶ್ನೆ ಮತಪತ್ರವನ್ನು ಏರುತ್ತದೆ. ರಾಜ್ಯಶಾಸ್ತ್ರದಲ್ಲಿ ಇದಕ್ಕೆ ‘ಉಪಕ್ರಮ’ವೆಂದು ಹೆಸರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ವರ್ತಕರಿಗೆ ಇದು ದೂರದ ಮಾತೆಂದು ತೋರಬಹುದು. ಆದರೆ ತೆರಿಗೆಯನ್ನೂ ಪರವಾನಗಿಯನ್ನೂ ನೇರವಾಗಿ ಮುಟ್ಟುವ ಈ ಪದ್ಧತಿಯ ಒಳಿತು ಕೆಡುಕುಗಳನ್ನು ತಿಳಿದಿರುವುದು ಅವಶ್ಯ.

ಹೊರದೇಶದ ಅನುಭವ

ಸ್ವಿಟ್ಜರ್ಲೆಂಡಿನಲ್ಲಿ 18 ತಿಂಗಳೊಳಗೆ 1 ಲಕ್ಷ ಸಹಿ ಸಂಗ್ರಹವಾದರೆ ಸಂವಿಧಾನದ ತಿದ್ದುಪಡಿಯನ್ನೇ ಜನರ ಮತಕ್ಕೆ ಹಾಕಬೇಕಾಗುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರವು 1898ರಲ್ಲಿಯೇ ಈ ಹಕ್ಕನ್ನು ತನ್ನ ನಗರ ಸನ್ನದಿನಲ್ಲಿ ಸೇರಿಸಿಕೊಂಡಿತು.

ವರ್ತಕರು ವಿಶೇಷವಾಗಿ ಗಮನಿಸಬೇಕಾದುದು ಕ್ಯಾಲಿಫೋರ್ನಿಯಾದಲ್ಲಿ 1978ರ ಜೂನ್‌ನಲ್ಲಿ ಅಂಗೀಕಾರವಾದ 13ನೆಯ ಪ್ರಸ್ತಾಪ. ಅದು ಆಸ್ತಿ ತೆರಿಗೆಯನ್ನು ಮೌಲ್ಯದ ಶೇ. 1ಕ್ಕೆ ಮಿತಿಗೊಳಿಸಿತು, ಆಸ್ತಿ ಕೈ ಬದಲಾಗುವವರೆಗೆ ತೆರಿಗೆಗೆ ಹಿಡಿಯುವ ಮೌಲ್ಯವು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರದಂತೆ ತಡೆಯಿತು. ಆಸ್ತಿ ಉಳ್ಳವರಿಗೆ ನೆಮ್ಮದಿ ದೊರೆಯಿತು. ಆದರೆ ಒಂದೇ ಬೀದಿಯ ಒಂದೇ ಬೆಲೆಯ ಎರಡು ಕಟ್ಟಡಗಳ ಪೈಕಿ ಹಳೆಯ ಮಾಲೀಕನಿಗಿಂತ ಹೊಸದಾಗಿ ಕೊಂಡವನು ಹಲವು ಪಟ್ಟು ತೆರಿಗೆ ತೆರುವಂತಾಯಿತು. ಆದಾಯ ಕುಗ್ಗಿದ ನಗರಾಡಳಿತಗಳು ರಾಜ್ಯದ ಅನುದಾನವನ್ನೂ ವಿವಿಧ ಶುಲ್ಕಗಳನ್ನೂ ಹೆಚ್ಚು ಅವಲಂಬಿಸಿದವು.

ನೆರೆಯ ಮಹಾರಾಷ್ಟ್ರ

ನಮ್ಮ ದೇಶದಲ್ಲಿ ಇದಕ್ಕೆ ಅತ್ಯಂತ ಸಮೀಪದ ಉದಾಹರಣೆ ನೆರೆರಾಜ್ಯದಲ್ಲಿದೆ. ಮಹಾರಾಷ್ಟ್ರದ 2008ರ ಆದೇಶದಂತೆ, ಗ್ರಾಮ ಅಥವಾ ಪಟ್ಟಣದ ವಾರ್ಡಿನ ಶೇ. 25ರಷ್ಟು ಮಹಿಳಾ ಮತದಾರರು ಸಹಿ ಮಾಡಿ ಮದ್ಯದಂಗಡಿ ಮುಚ್ಚಬೇಕೆಂದು ಕೋರಿದರೆ, ಸಹಿಗಳ ಪರಿಶೀಲನೆಯ ನಂತರ ಗುಪ್ತ ಮತದಾನ ನಡೆಯುತ್ತದೆ. ನಿಂತ ಬಾಟಲಿಯ ಚಿಹ್ನೆ ಎಂದರೆ ಅಂಗಡಿ ಇರಲಿ. ಅಡ್ಡ ಬಿದ್ದ ಬಾಟಲಿ ಎಂದರೆ ಮುಚ್ಚಲಿ. ಶುಲ್ಕ ಕಟ್ಟಿ ಪಡೆದ ಪರವಾನಗಿಯೂ ನೆರೆಹೊರೆಯ ಸಮ್ಮತಿ ಇಲ್ಲದೆ ನಿಲ್ಲಲಾರದೆಂಬುದು ಇದರ ತಾತ್ಪರ್ಯ.

ನಮ್ಮ ಪಟ್ಟಣಗಳ ಸ್ಥಿತಿ

ಕರ್ನಾಟಕದ ಪೌರಾಡಳಿತ ಕಾನೂನಿನಲ್ಲಿ ಇಂತಹ ಮತದಾನಕ್ಕೆ ಅವಕಾಶವಿಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿದ್ದು 3 ಲಕ್ಷ ಅಥವಾ ಅದಕ್ಕೂ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ ಮಾತ್ರ. ಶಹಾಬಾದ್ ನಗರಸಭೆಯಾಗಲಿ ಉಳಿದ ನಾಲ್ಕು ಪುರಸಭೆಗಳಾಗಲಿ ಆ ಮಿತಿಯ ಸಮೀಪಕ್ಕೂ ಬಾರವು. ಸಿಮೆಂಟ್, ಹಾಸುಗಲ್ಲು, ತೊಗರಿಬೇಳೆಗಳ ವ್ಯವಹಾರ ನಡೆಯುವ ಈ ಊರುಗಳಲ್ಲಿ ಲಾರಿ ನಿಲುಗಡೆ, ಧೂಳು, ಸಂತೆಯ ಜಾಗ, ಮಳಿಗೆಗಳ ಬಾಡಿಗೆ ಮುಂತಾದ ಪ್ರಶ್ನೆಗಳು ಸದಸ್ಯರ ಸಭೆಯಲ್ಲಿಯೇ ತೀರ್ಮಾನವಾಗಬೇಕು.

ಆದರೂ ಪೌರರ ಕೈ ಸಂಪೂರ್ಣ ಬರಿದಲ್ಲ. ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಪ್ರಕಾರ ಹೊಸ ತೆರಿಗೆ ವಿಧಿಸುವ ಮೊದಲು ಪ್ರಕಟಣೆ ಹೊರಡಿಸಿ, ನಿವಾಸಿಗಳ ಲಿಖಿತ ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ಇದು ಮತದಾನವಲ್ಲ, ಆಕ್ಷೇಪಣೆಯನ್ನು ಒಪ್ಪಲೇಬೇಕೆಂಬ ನಿಯಮವೂ ಇಲ್ಲ. ಆದರೆ ಅವಧಿಯೊಳಗೆ ಸಲ್ಲಿಸಿದ ಆಕ್ಷೇಪಣೆ ಕಡತದಲ್ಲಿ ಉಳಿಯುತ್ತದೆ. ಅವಧಿ ಮೀರಿದ ಮೇಲೆ ಕೂಗಿದ ಘೋಷಣೆ ಉಳಿಯುವುದಿಲ್ಲ.

ಪಾಲಿಸಬೇಕಾದ ಕ್ರಮ

ಉಪಕ್ರಮದ ಹಕ್ಕು ನಮಗಿಲ್ಲದಿದ್ದರೂ ಅದರ ಶಿಸ್ತನ್ನು ರೂಢಿಸಿಕೊಳ್ಳಲು ಅಡ್ಡಿಯಿಲ್ಲ.

1. ಒಂದು ಮನವಿಯಲ್ಲಿ ಒಂದೇ ಬೇಡಿಕೆ ಇರಲಿ. ಅದು ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರಕ್ಕೆ ಒದಗುವಂತಿರಲಿ.

2. ಸಹಿಯ ಜೊತೆಗೆ ವಾರ್ಡ್ ಸಂಖ್ಯೆ, ವಿಳಾಸಗಳಿರಲಿ. ವರ್ತಕರಷ್ಟೇ ಅಲ್ಲದೆ ಗ್ರಾಹಕರು, ಹಮಾಲರು, ಅಕ್ಕಪಕ್ಕದ ಮನೆಯವರೂ ಸಹಿ ಮಾಡಿದರೆ ಮನವಿಗೆ ತೂಕ ಬರುತ್ತದೆ.

3. ತೆರಿಗೆ ಇಳಿಸಿರೆಂದು ಕೇಳುವಾಗ, ಕೊರತೆ ಬೀಳುವ ಹಣವನ್ನು ಎಲ್ಲಿಂದ ತುಂಬಬೇಕೆಂಬುದನ್ನೂ ಬರೆಯಿರಿ.

4. ಪ್ರಕಟಣೆ ಹೊರಬಿದ್ದ ದಿನವೇ ಠರಾವಿನ ಪ್ರತಿ ಕೇಳಿರಿ. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಕಾಲಾವಕಾಶವಿದೆ. ಆಕ್ಷೇಪಣೆಯ ಗಡುವು ಅಲ್ಲಿಯವರೆಗೆ ಕಾಯುವುದಿಲ್ಲ.

5. ಮನವಿ ಸಲ್ಲಿಸಿದುದಕ್ಕೆ ದಿನಾಂಕ, ಮೊಹರು ಸಹಿತ ಸ್ವೀಕೃತಿ ಪಡೆಯಿರಿ.

ನೇರ ಮತದಾನದ ಹಕ್ಕು ಮುಂದೊಂದು ದಿನ ಬಂದರೂ ಅದು ವರ್ತಕರ ಪರವಾಗಿಯೇ ಇರುವುದೆಂದು ಭಾವಿಸಲಾಗದು. ಕ್ಯಾಲಿಫೋರ್ನಿಯಾದಲ್ಲಿ ಅದು ಆಸ್ತಿವಂತನನ್ನು ಕಾಯಿತು. ಮಹಾರಾಷ್ಟ್ರದಲ್ಲಿ ಅಂಗಡಿಯ ಬಾಗಿಲು ಮುಚ್ಚಿಸುವ ಶಕ್ತಿ ಪಡೆಯಿತು. ಊರಿನ ವಿಶ್ವಾಸವನ್ನು ಗಳಿಸಿಕೊಂಡ ವ್ಯಾಪಾರವೇ ಯಾವ ಮತಕ್ಕೂ ಅಂಜಬೇಕಾಗಿಲ್ಲ.